ಘಟ್ಟದ ಮೇಲೆ ಒಂದು ಹಗಲು

(ಬಾನುಲಿ ಭಾಷಣ)

ಕರಾವಳಿಯವರಿಗೆ ನಿಜವಾದ ದಿಕ್ಕುಗಳು ಎರಡೇ ಎಂದು ನನ್ನ ತಂದೆ ಹೇಳುತ್ತಿದ್ದುದುಂಟು: ಒಂದು ಕಡಲು, ಇನ್ನೊಂದು ಘಟ್ಟ. ಉತ್ತರ ದಕ್ಷಿಣಗಳು ಬಸ್ಸು ಹಿಡಿಯುವವರ ಅನುಕೂಲಕ್ಕೆಂದು ಆಮೇಲೆ ಸೇರಿಸಿದಂಥವು. ಮಾತು ವಿನೋದದ್ದಾದರೂ ಪೂರ್ತಿ ಸುಳ್ಳಲ್ಲ. ನಮ್ಮ ಕಡೆ ಹೊಟ್ಟೆಪಾಡಿಗೆಂದು ಮನೆ ಬಿಟ್ಟು ಹೋದವನನ್ನು ಕುರಿತು 'ಘಟ್ಟ ಹತ್ತಿದ' ಎನ್ನುತ್ತೇವೆ. ಅವನು ಹೋದದ್ದು ಶಿವಮೊಗ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ಎಂಬುದು ಎರಡನೆಯ ಪ್ರಶ್ನೆ. ಘಟ್ಟದ ಮೇಲಿನವರೂ ಈ ಲೆಕ್ಕಾಚಾರದಲ್ಲಿ ನಮಗೆ ಕಡಮೆಯಿಲ್ಲ. 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಕೆಳಗಿನಿಂದ ಹೋದ ಕೂಲಿಯಾಳುಗಳ, ಅವರ ಸೇರೆಗಾರನ ನೆನಪಿರಬಹುದು. ಅವರಿಗೆ ನಾವೆಲ್ಲ 'ಘಟ್ಟದ ಕೆಳಗಿನವರು'. ನಮಗೆ ಅವರು 'ಮೇಲಿನವರು'. ನಡುವೆ ಇರುವುದು ಕೆಲವೇ ಮೈಲಿಗಳ ಏರುದಾರಿ, ಹದಿನಾಲ್ಕು ತಿರುವುಗಳು.

ನನ್ನ ತಾಯಿ ಮೇಲಿನವಳು. ಆಗುಂಬೆಯಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ, ಅಡಕೆ ತೋಟದ ಅಂಚಿನಲ್ಲಿದ್ದ ಒಂದು ಮನೆ ಅವಳ ತವರು. 1948ರಲ್ಲಿ, ಹದಿನಾರರ ಹುಡುಗಿಯಾಗಿ, ಮದುವೆಯಾಗಿ ಅವಳು ಘಟ್ಟ ಇಳಿದಳು. ಆಗ ಆಗುಂಬೆಯ ಘಾಟಿ ಎರಡು ಸೀಮೆಗಳ ಗಡಿಯೂ ಆಗಿತ್ತು. ಮೇಲೆ ಮೈಸೂರು ಸಂಸ್ಥಾನ. ಕೆಳಗೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಅದಕ್ಕೆ ಎಂಟು ವರ್ಷ ಮೊದಲೇ ನಿಮ್ಮ ಅಮ್ಮ ತನ್ನ ಮಟ್ಟಿಗೆ ಏಕೀಕರಣವನ್ನು ನೆರವೇರಿಸಿದ್ದಳು ಎಂದು ಅಪ್ಪಯ್ಯ ನಗೆಯಾಡುತ್ತಿದ್ದರು. ಆ ಏಕೀಕರಣ ಅವಳಿಗೆ ಸುಲಭವಾಗಿಯೇನೂ ಇರಲಿಲ್ಲ. ಬೆಳ್ತಿಗೆ ಅನ್ನ ಉಂಡು ಬೆಳೆದವಳು ಕುಚ್ಚಲಕ್ಕಿಯ ಗಂಜಿಗೆ ಒಗ್ಗಬೇಕಾಯಿತು. ಮನೆಯ ಮಾತು ಕನ್ನಡವಾದರೂ ಗದ್ದೆ, ಅಂಗಡಿ, ನೆರೆಹೊರೆಯ ಮಾತೆಲ್ಲ ತುಳು, ಅದನ್ನು ಕಲಿಯಬೇಕಾಯಿತು. ಚಳಿ ಎಂಬುದೊಂದುಂಟು ಎನ್ನುವುದನ್ನು ಮರೆಯಬೇಕಾಯಿತು.

ನಮ್ಮ ಮನೆ ಉಡುಪಿಗೆ ಪೂರ್ವದ ಒಂದು ಹಳ್ಳಿಯಲ್ಲಿತ್ತು. ಮಳೆಗಾಲ ಕಳೆದು ಆಕಾಶ ತೊಳೆದಿಟ್ಟಂತಾದ ಮೇಲೆ, ಬೆಳಗಿನ ಹೊತ್ತು ಅಂಗಳದಲ್ಲಿ ನಿಂತರೆ ಘಟ್ಟದ ಸಾಲು ನೀಲಿಯ ಗೆರೆಯಾಗಿ ಕಾಣುತ್ತಿತ್ತು. ತುಳಸಿಗೆ ನೀರೆರೆದ ಮೇಲೂ ಅಮ್ಮ ಅತ್ತ ಮುಖಮಾಡಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು. ಸೂರ್ಯನಮಸ್ಕಾರವೆಂದು ನಾವು ಮಕ್ಕಳು ತಿಳಿದಿದ್ದೆವು. ಮೋಡ ಕವಿದ ದಿನಗಳಲ್ಲಿ ಅವಳು ಬೇಗ ಒಳಕ್ಕೆ ಬರುತ್ತಿದ್ದಳೆಂಬುದನ್ನು ಗಮನಿಸುವಷ್ಟು ಜಾಣತನ ನಮಗೆ ಆಗ ಇರಲಿಲ್ಲ.

ನಾನೂ ಘಟ್ಟ ಹತ್ತಿದವರ ಪಟ್ಟಿಗೆ ಸೇರಿ, ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ಗುಮಾಸ್ತನಾದೆ. 1983ರ ಜನವರಿಯಲ್ಲಿ ರಜೆಯ ಮೇಲೆ ಊರಿಗೆ ಹೋದಾಗ, ಕೈಯಲ್ಲಿ ನಾಲ್ಕು ಕಾಸು ಕೂಡಿದ್ದ ಹುರುಪಿನಲ್ಲಿ, ಒಂದು ಬಾಡಿಗೆ ಕಾರು ಮಾಡಿ ಅಪ್ಪಯ್ಯ ಅಮ್ಮನನ್ನು ಆಗುಂಬೆ ಶೃಂಗೇರಿಗಳಿಗೆ ಕರೆದೊಯ್ಯುವೆನೆಂದು ಹೇಳಿದೆ. ಬೆಳಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದಾದ ದಾರಿ. ಒಟ್ಟು ಹೋಗುವುದು ಎಂಬತ್ತು ಕಿಲೋಮೀಟರಿಗೆ ತುಸು ಹೆಚ್ಚು, ಬರುವುದು ಅಷ್ಟೇ. ಅಪ್ಪಯ್ಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿದ್ದು ಆಗ ತಾನೇ ನಿವೃತ್ತರಾಗಿದ್ದರು. ಖರ್ಚು ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಹುಬ್ಬು ತಾನಾಗಿ ಮೇಲೇರುತ್ತಿತ್ತು. "ಘಟ್ಟದಲ್ಲಿ ನೋಡುವುದಕ್ಕೆ ಏನುಂಟು? ಕಲ್ಲು, ಕಾಡು, ತಿರುವು. ಬಸ್ಸಿನಲ್ಲಿ ಹೋದರೂ ಅಷ್ಟೇ, ಕಾರಿನಲ್ಲಿ ಹೋದರೂ ಅಷ್ಟೇ" ಎಂದರು. ಅಮ್ಮ ಏನೂ ಹೇಳಲಿಲ್ಲ. ಆದರೆ ಆ ಸಂಜೆಯೇ ಇಡ್ಲಿಗೆ ಅಕ್ಕಿ ಉದ್ದು ನೆನೆಹಾಕಿದ್ದಳು. ಅಪ್ಪಯ್ಯ ಅದನ್ನು ನೋಡಿ, ಚರ್ಚೆ ಮುಗಿಯಿತೆಂದು ತಿಳಿದು, ಮೂಲೆಯಲ್ಲಿದ್ದ ಕೊಡೆಯ ಧೂಳು ಕೊಡವಿದರು. ಜನವರಿ ತಿಂಗಳಲ್ಲಿ ಕೊಡೆ ಏಕೆಂದು ಕೇಳಿದೆ. "ಆಗುಂಬೆ ಎಂದರೆ ಆಗುಂಬೆ" ಎಂದರು.

ಮರುದಿನ ಬೆಳಗ್ಗೆ ಆರಕ್ಕೆ ಅಂಬಾಸಿಡರ್ ಕಾರು ಅಂಗಳಕ್ಕೆ ಬಂದಿತು. ಬಾಳೆಯೆಲೆಯಲ್ಲಿ ಕಟ್ಟಿದ ಇಡ್ಲಿ, ಒಂದು ಫ್ಲಾಸ್ಕಿನಲ್ಲಿ ಕಾಫಿ, ತಿರುವುಗಳಲ್ಲಿ ಹೊಟ್ಟೆ ತೊಳಸಿದರೆ ಇರಲೆಂದು ನಾಲ್ಕು ಲಿಂಬೆಹಣ್ಣು, ಅಪ್ಪಯ್ಯನ ಕೊಡೆ ಇವು ನಮ್ಮ ಸಾಮಗ್ರಿ. ಅಪ್ಪಯ್ಯ ಡ್ರೈವರರ ಪಕ್ಕದಲ್ಲಿ ಕುಳಿತರು. ಹಿಂದೆ ನಾನು, ಅಮ್ಮ.

ಹಿರಿಯಡಕ, ಪೆರ್ಡೂರುಗಳನ್ನು ದಾಟಿ ಹೆಬ್ರಿಗೆ ಬರುವ ಹೊತ್ತಿಗೆ ಘಟ್ಟ ನೀಲಿ ಬಣ್ಣವನ್ನು ಕಳಚಿ ಹಸಿರಾಗಿತ್ತು. ಅದು ಎದ್ದುನಿಂತ ಗೋಡೆಯಂತೆ ಕಾಣುವುದು ಸೋಮೇಶ್ವರದಲ್ಲಿ. ಸೀತಾನದಿಯ ಹೆಸರನ್ನು ಕೇಳಿದೊಡನೆ ಅಪ್ಪಯ್ಯನಲ್ಲಿದ್ದ ಮಾಸ್ತರರು ಎಚ್ಚರಗೊಂಡರು. ಈ ಸೀತೆ ಘಟ್ಟದಿಂದಿಳಿದು ಪಡುವಣ ಕಡಲಿಗೆ ಸೇರುತ್ತಾಳೆ; ಆಚೆ ಮಗ್ಗುಲಿನ ತುಂಗೆ ಮೂಡಣಕ್ಕೆ ಹರಿದು, ಕೂಡಲಿಯಲ್ಲಿ ಭದ್ರೆಯೊಡನೆ ಕೂಡಿ, ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾಳೆ. ಗುಡ್ಡದ ನೆತ್ತಿಯಲ್ಲಿ ಒಂದು ಮಾರಿನ ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗಬಹುದು. ಇದನ್ನು ಅವರು ಮೂವತ್ತು ವರ್ಷ ನಾಲ್ಕನೆಯ ತರಗತಿಗೆ ಹೇಳಿದವರು. ನಾನೂ ಆ ಬೆಂಚಿನಲ್ಲಿ ಕುಳಿತು ಕೇಳಿದವನೇ.

ಘಾಟಿಯ ಏರು ಮೊದಲಾಯಿತು. ದೊಡ್ಡ ಬಸ್ಸುಗಳು ಇಲ್ಲಿ ಹೊರಳಲಾರವು. ಇಂದಿಗೂ ಈ ದಾರಿಯಲ್ಲಿ ಓಡಾಡುವುದು ಸಣ್ಣ ಬಸ್ಸುಗಳೇ. ಒಂದೊಂದು ತಿರುವೂ ಕೂದಲಪಿನ್ನಿನಂತೆ ಬಾಗಿ, ಈಗಷ್ಟೇ ಬಿಟ್ಟು ಬಂದ ದಾರಿಯನ್ನು ಕಾಲಡಿಯಲ್ಲಿ ತೋರಿಸುತ್ತದೆ. ಅಪ್ಪಯ್ಯ ಹಾಜರಿ ಕರೆಯುವ ದನಿಯಲ್ಲಿ 'ಒಂದು', 'ಎರಡು' ಎಂದು ಎಣಿಸತೊಡಗಿದರು. ನಡುನಡುವೆ ಮಳೆಯ ಪಾಠವೂ ಸಾಗಿತ್ತು. ಕಡಲಿನಿಂದ ಬರುವ ನೀರುಗಾಳಿ ಈ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದ ಗಾಳಿ ನೀರಿನ ಹೊರೆಯನ್ನು ಹೊರಲಾರದೆ ಇಲ್ಲಿಯೇ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಅಷ್ಟು ನೀರನ್ನು ಕಾಣಲು ಚಿತ್ರದುರ್ಗದವರು ಆರೇಳು ವರ್ಷ ಕಾಯಬೇಕು. ಹೊರಗೆ ಜನವರಿಯ ಒಣ ಬೆಳಗು. ಕಾಡಿನೊಳಗಿಂದ ಎಲ್ಲೋ ಒಂದು ಸಣ್ಣ ಝರಿಯ ಸದ್ದು ಮಾತ್ರ.

'ಏಳು' ಆದ ಮೇಲೆ ಅಮ್ಮ ಮುಂದಕ್ಕೆ ಬಾಗಿ, "ಸ್ವಲ್ಪ ನಿಲ್ಲಿಸಲು ಹೇಳಿ" ಎಂದಳು.

ಹೊಟ್ಟೆ ತೊಳಸಿರಬೇಕೆಂದು ನಾನು ಚೀಲದಿಂದ ಲಿಂಬೆಹಣ್ಣು ತೆಗೆದೆ. ಅವಳು ಅದನ್ನು ನೋಡಲಿಲ್ಲ. ಇಳಿದು, ರಸ್ತೆಯಂಚಿನ ಮೋಟು ಗೋಡೆಯ ಬಳಿ ಹೋಗಿ ನಿಂತು, ಮೇಲಿನ ಗುಡ್ಡವನ್ನೂ ಕೆಳಗಿನ ಕಮರಿಯನ್ನೂ ನೋಡಿದಳು. ಗುಡ್ಡದ ಆ ಭಾಗದಲ್ಲಿ ದೊಡ್ಡ ಮರಗಳಿರಲಿಲ್ಲ. ಪೊದೆ, ಎಳೆಯ ಗಿಡಗಳಷ್ಟೇ. "ಎಂಟನೆಯ ತಿರುವು ಇದೇ ತಾನೇ?" ಎಂದು ಡ್ರೈವರರನ್ನು ಕೇಳಿದಳು. ಅವರು ತಲೆ ತುರಿಸಿಕೊಂಡರು. ಉತ್ತರ ಬಂದದ್ದು ಕಾರಿನೊಳಗಿನಿಂದ. "ಇದೇ" ಎಂದರು ಅಪ್ಪಯ್ಯ. ಅವರು ಇಳಿಯಲಿಲ್ಲ. ಕೊಡೆಯ ಹಿಡಿಯ ಮೇಲೆ ಎರಡೂ ಕೈಗಳನ್ನಿಟ್ಟು ನೇರ ಮುಂದೆ ನೋಡುತ್ತಿದ್ದರು. ಅಮ್ಮ ಬಂದು ಕುಳಿತ ಮೇಲೆ ಕಾರು ಹೊರಟಿತು. ಎಣಿಕೆ ಅಲ್ಲಿಗೆ ನಿಂತಿತು. ಪಾಠವೂ ನಿಂತಿತು. ಇದು ನನಗೆ ಗೊತ್ತಾಯಿತೇ ಹೊರತು ಏಕೆಂದು ಗೊತ್ತಾಗಲಿಲ್ಲ.

ಆಗುಂಬೆಯ ಪೇಟೆ ಎಂದರೆ ಆಗ ಒಂದೇ ಬೀದಿ. ಆ ಬೀದಿ, ಅದರ ಹೆಂಚಿನ ಮನೆಗಳು, ಕಂಬದ ಜಗಲಿಗಳು ಮುಂದೆ ಕೆಲವೇ ವರ್ಷಗಳಲ್ಲಿ ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಮೂಲಕ ದೇಶಕ್ಕೆಲ್ಲ ಪರಿಚಯವಾದವು. ನಾವು ಅಲ್ಲಿ ಒಂದು ಜಗಲಿಯ ಮೇಲೆ ಕುಳಿತು ಇಡ್ಲಿ ತಿಂದೆವು. ಗಾಳಿಯಲ್ಲಿ ನಮ್ಮ ಕಡೆಯಿಲ್ಲದ ತಂಪು. ಅಮ್ಮ ಸೆರಗನ್ನು ಭುಜದ ಸುತ್ತ ಎಳೆದುಕೊಂಡು, "ಈಗ ಮನೆಗೆ ಹೋಗೋಣ" ಎಂದಳು. ಮನೆ ಎಂದರೆ ಯಾವುದೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಆ ಮನೆ ನಮ್ಮವರದಾಗಿ ಉಳಿದಿರಲಿಲ್ಲ. ಅಜ್ಜಿ ತೀರಿಕೊಂಡ ಮರುವರ್ಷ ಸೋದರಮಾವ ಮನೆ ತೋಟಗಳನ್ನು ಮಾರಿ ಶಿವಮೊಗ್ಗಕ್ಕೆ ಹೋಗಿ ನೆಲೆಸಿದ್ದ. ಮದುವೆ ಮುಂಜಿಗಳಿಗೆಂದು ಅಮ್ಮ ಒಂದೆರಡು ಬಾರಿ ಶಿವಮೊಗ್ಗಕ್ಕೆ ಹೋದದ್ದುಂಟು. ಆದರೆ ಒಬ್ಬಳು ಹೆಂಗಸು ಕೇಳಿದಳೆಂದು ಘಾಟಿಯ ತಿರುವಿನಲ್ಲಿ ಬಸ್ಸು ನಿಲ್ಲುವುದಿಲ್ಲ. ಮುಖ್ಯ ರಸ್ತೆ ಬಿಟ್ಟು ಒಂದೂವರೆ ಮೈಲಿ ಒಳಗೆ ಹೋಗುವುದೂ ಇಲ್ಲ.

ಕಾರನ್ನು ದಣಪೆಯ ಬಳಿ ನಿಲ್ಲಿಸಿ ನಡೆದೆವು. ಈಗಿನ ಮನೆಯವರಿಗೆ ನಮ್ಮ ಗುರುತಿಲ್ಲ. ಅಮ್ಮ ಅಂಗಳದಲ್ಲಿ ನಿಂತು, "ನಾನು ಈ ಮನೆಯಲ್ಲಿ ಹುಟ್ಟಿದವಳು" ಎಂದಳು. ಅಷ್ಟೇ ಸಾಕಾಯಿತು. ಮನೆಯಾಕೆ ಬೆಲ್ಲ, ನೀರು ತಂದಿಟ್ಟು, ಅಮ್ಮನ ಕೈ ಹಿಡಿದು ಒಳಕ್ಕೆ ಕರೆದೊಯ್ದರು. ನಾನೂ ಹಿಂದೆ ಹೋದೆ. ನಡುಮನೆಯ ಪಕ್ಕದಲ್ಲಿ ಒಂದು ಕತ್ತಲೆಯ ಕೋಣೆ, ಅದಕ್ಕೊಂದು ಸಣ್ಣ ಕಿಟಕಿ. ಕಿಟಕಿಯಿಂದ ನೋಡಿದರೆ ನಾವು ನಡೆದು ಬಂದ ದಾರಿ. "ಇಲ್ಲಿ ಮಂಚವಿತ್ತು" ಎಂದಳು ಅಮ್ಮ. ಈಗ ಅಲ್ಲಿ ಅಡಕೆಯ ಚೀಲಗಳಿದ್ದವು. ಅವಳು ಕಿಟಕಿಯ ಸರಳು ಹಿಡಿದು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಹಿತ್ತಿಲಿಗೆ ಹೋಗಿ, ಹಳ್ಳದ ದಂಡೆಯಲ್ಲಿದ್ದ ಅಪ್ಪೆಮಿಡಿಯ ಮರ ಇದೆಯೇ ಎಂದು ನೋಡಿದಳು. ಇತ್ತು. ಹಾಗೆಂದು ಅವಳ ಮುಖವೇ ಹೇಳಿತು.

ಈ ಹೊತ್ತೆಲ್ಲ ಅಪ್ಪಯ್ಯ ಅಂಗಳದಲ್ಲಿ ಯಜಮಾನರೊಡನೆ ಅಡಕೆಯ ಕೊಳೆರೋಗವನ್ನು ಕುರಿತು ಮಾತಾಡುತ್ತಿದ್ದರು. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಮಳೆಗೆ ಮೊದಲು ಎಷ್ಟು ಸಲ ಹೊಡೆಯುತ್ತೀರಿ, ಗೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಇನ್ನೂ ಉಂಟೇ, ಈ ಸಲದ ಧಾರಣೆ ಹೇಗೆ ಎಂದು ಒಂದರ ಮೇಲೊಂದು ಪ್ರಶ್ನೆ. ಒಂದು ಅಡಕೆ ಮರವೂ ಇಲ್ಲದ ನಮ್ಮ ಹಿತ್ತಿಲನ್ನು ನೆನೆದು ನನಗೆ ನಗು ಬಂತು. ಮನೆಯೊಳಕ್ಕೆ ಬರದಿರಲು ಒಬ್ಬ ಮನುಷ್ಯನಿಗೆ ಎಷ್ಟು ಪ್ರಶ್ನೆಗಳು ಬೇಕಾಗುತ್ತವೆ ಎಂದು ಈಗ ಅನ್ನಿಸುತ್ತದೆ.

ಹೊರಡುವಾಗ ಮನೆಯಾಕೆ ಅಮ್ಮನಿಗೆ ಕುಂಕುಮವಿಟ್ಟು, ಒಂದು ಸಣ್ಣ ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ಕೊಟ್ಟರು. "ಆ ಮರದ್ದೇ" ಎಂದರು. ಶೃಂಗೇರಿಯವರೆಗೂ ಅಮ್ಮ ಅದನ್ನು ಮಡಿಲಿನಲ್ಲಿಯೇ ಇಟ್ಟುಕೊಂಡಿದ್ದಳು.

ಶೃಂಗೇರಿಯನ್ನು ನಿಮ್ಮಲ್ಲಿ ಬಹುಮಂದಿ ಕಂಡವರೇ. ಎತ್ತರದ ಜಗತಿಯ ಮೇಲೆ, ನಮ್ಮ ಕಣ್ಣಿಗೆ ರೂಢಿಯಾದ ಚೌಕವನ್ನು ಬಿಟ್ಟು ಬಾಗಿದ ಗೋಡೆಗಳಿಂದ ಎದ್ದಿರುವ ವಿದ್ಯಾಶಂಕರ ದೇವಾಲಯ ಹದಿನಾಲ್ಕನೆಯ ಶತಮಾನದ್ದು. ಒಳಗೆ ರಾಶಿಗೊಂದರಂತೆ ಹನ್ನೆರಡು ಕಂಬಗಳು. ಸೂರ್ಯ ಯಾವ ರಾಶಿಯಲ್ಲಿರುವನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆಂದು ಹೇಳಿಕೆ. ಕಂಬದ ಸಿಂಹದ ಬಾಯೊಳಗಿನ ಕಲ್ಲಿನ ಗುಂಡು ಉರುಳುವುದನ್ನು ಕಂಡು ನಾನು ಮಗುವಿನಂತೆ ಬೆರಗಾದೆ. ಶಾರದೆಯ ದರ್ಶನವಾಯಿತು, ಮಠದಲ್ಲಿ ಊಟವಾಯಿತು. ಆ ಮೇಲೆ ತುಂಗೆಯ ಸೋಪಾನಕ್ಕೆ ಬಂದೆವು. ಅಲ್ಲಿನ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಅವು ಮೊಳದುದ್ದ ಬೆಳೆದು, ಪುರಿ ಹಾಕಿದವರ ಕಾಲಬುಡಕ್ಕೆ ಬಂದು ಬಾಯಿ ತೆರೆಯುತ್ತವೆ. ಅಮ್ಮ ಪುರಿಯ ಪೊಟ್ಟಣ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿದಳು. ನಾನು, ಅಪ್ಪಯ್ಯ ಮೇಲೆ ನೆರಳಿನಲ್ಲಿ ಕುಳಿತೆವು.

"ನೀನು ಆಗ ಎರಡು ತಿಂಗಳ ಕೂಸು" ಎಂದರು ಅಪ್ಪಯ್ಯ, ಪೀಠಿಕೆಯಿಲ್ಲದೆ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. 1953ರ ಆಷಾಢ. ಶಾಲೆಗೇ ಬಂದು ಅಂಚೆಯವನು ಒಂದು ತಂತಿ ಕೊಟ್ಟ. ಇಂಗ್ಲಿಷಿನಲ್ಲಿ ನಾಲ್ಕಾರು ಪದಗಳು: ಅಜ್ಜಿಗೆ ವಿಪರೀತ ಕಾಯಿಲೆ, ಕೂಡಲೆ ಹೊರಟು ಬನ್ನಿ ಎಂದು. ಮಳೆ ಎಡೆಬಿಡದೆ ಸುರಿಯುತ್ತಿತ್ತು. ಅಪ್ಪಯ್ಯ ಮನೆಯಲ್ಲಿ ಏನೂ ಹೇಳದೆ ಮರುದಿನ ಹೆಬ್ರಿಗೆ ಹೋಗಿ ವಿಚಾರಿಸಿದರು. ಎಂಟನೆಯ ತಿರುವಿನಲ್ಲಿ ಗುಡ್ಡ ಜರಿದಿದೆ, ಗಾಡಿ ಹೋಗುವುದಿಲ್ಲ ಎಂದರು. ಹಿಂದಿರುಗಿ ಬಂದು ತಮ್ಮ ತಾಯಿಗಷ್ಟೇ ಸಂಗತಿ ತಿಳಿಸಿದರು. ಬಾಣಂತಿಗೆ ಹೇಳಬೇಡ, ಅತ್ತು ಕರೆದು ಹಾಲು ಬತ್ತೀತು ಎಂದರು ಆಕೆ. ತಂತಿ ಮೂರು ದಿನ ಅಪ್ಪಯ್ಯನ ಕೋಟಿನ ಕಿಸೆಯಲ್ಲಿ ಉಳಿಯಿತು. ನಾಲ್ಕನೆಯ ದಿನ ಎರಡನೆಯ ತಂತಿ ಬಂದಿತು. ಆಗ ಎರಡನ್ನೂ ಒಟ್ಟಿಗೇ ಅಮ್ಮನ ಕೈಗೆ ಕೊಟ್ಟರು. ಅವಳಿಗೆ ಇಂಗ್ಲಿಷು ಬಾರದು. ಆದರೆ ತಾರೀಖು ಓದಲು ಇಂಗ್ಲಿಷು ಬೇಕಿಲ್ಲ. ಮೊದಲನೆಯದರ ಮೇಲಿದ್ದ ಅಂಕಿಯ ಮೇಲೆ ಬೆರಳಿಟ್ಟು ಅಪ್ಪಯ್ಯನ ಮುಖ ನೋಡಿದಳು. "ಘಾಟಿ ಕಟ್ಟಿತ್ತು" ಎಂದರು ಇವರು. ಅವಳು ಎದ್ದು ಒಳಗೆ ಹೋದಳು. ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

"ಕಟ್ಟಿದ್ದು ನಿಜ ತಾನೇ?" ಎಂದೆ ನಾನು.

"ಗಾಡಿಗೆ" ಎಂದರು. ನೀರಿನತ್ತ ನೋಡುತ್ತ, ತುಸು ತಡೆದು, "ಜನ ನಡೆದು ದಾಟುತ್ತಿದ್ದರು. ಜರಿದ ಕಡೆ ಬಳಸಿ ಹೋಗುವ ಒಂದು ಕಾಲುದಾರಿ ಮಾಡಿದ್ದರು. ಅದನ್ನೂ ಹೆಬ್ರಿಯಲ್ಲಿಯೇ ಹೇಳಿದ್ದರು. ಅದೊಂದನ್ನು ನಾನು ಅವಳಿಗೆ ಹೇಳಲಿಲ್ಲ" ಎಂದರು.

ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆದ ಮನುಷ್ಯ ಅವರು. ಸುಳ್ಳು ಹೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಷ್ಟೇ ವರ್ಷಗಳ ಕಾಲ ಈ ಅರ್ಧ ಸತ್ಯವನ್ನು ಇಟ್ಟುಕೊಂಡು ಹೇಗೆ ಇದ್ದರೋ! ನನಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ಆ ಲೆಕ್ಕದಲ್ಲಿ ನನ್ನದೂ ಒಂದು ಪಾಲಿತ್ತು. ಎರಡು ತಿಂಗಳ ಕೂಸಿನ ಹಾಲಿಗಾಗಿ ಆದ ಕೆಲಸವದು. ಕೆಳಗೆ ಅಮ್ಮ ಪೊಟ್ಟಣವನ್ನು ಬೋರಲು ಮಾಡಿ ಕೊನೆಯ ಪುರಿಯನ್ನೂ ಕೊಡವಿ, ಕೈ ತೊಳೆದುಕೊಳ್ಳುತ್ತಿದ್ದಳು. "ಅಮ್ಮನಿಗೆ ಹೇಳಿ" ಎಂದಷ್ಟೇ ಅಂದೆ. ಅವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಸಂಜೆ ಐದೂವರೆಯ ಹೊತ್ತಿಗೆ ಮತ್ತೆ ಆಗುಂಬೆ. ಘಾಟಿಯ ನೆತ್ತಿಯಲ್ಲಿ ಸೂರ್ಯಾಸ್ತ ನೋಡಲು ಕಟ್ಟಿರುವ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಮುಂದೆ ಕಾಡು ಅಲೆಯಲೆಯಾಗಿ ಇಳಿದು ಕರಾವಳಿಯ ಮಬ್ಬಿನಲ್ಲಿ ಸೇರಿಹೋಗುತ್ತದೆ. ಮೋಡವಿಲ್ಲದ ದಿನ ಅದರಾಚೆ ಕಡಲಿನ ಗೆರೆಯೂ ಕಾಣುತ್ತದೆ, ಅಂದು ಕಂಡಿತು. ಸೂರ್ಯ ಕೆಳಗಿಳಿದಂತೆ ದುಂಡಗಿದ್ದುದು ಚಪ್ಪಟೆಯಾಗಿ, ಒಂದು ಗಡಿಗೆಯ ಆಕಾರ ತಾಳಿತು. ದಿಗಂತದ ಬಳಿ ಗಾಳಿಯ ಪದರ ದಪ್ಪವಾಗಿದ್ದು, ಬೆಳಕು ಅದರಲ್ಲಿ ಬಾಗಿ ಬರುವುದರಿಂದ ಹೀಗೆ ತೋರುತ್ತದೆ. ಬೇರೆ ದಿನವಾಗಿದ್ದರೆ ಅಪ್ಪಯ್ಯ ಇದನ್ನು ಅಲ್ಲಿದ್ದ ಹತ್ತಿಪ್ಪತ್ತು ಜನರಿಗೂ ವಿವರಿಸುತ್ತಿದ್ದರು. ಅಂದು ಸುಮ್ಮನಿದ್ದರು. ಜನ ಚದರತೊಡಗಿದ ಮೇಲೆ, ಅಮ್ಮನ ಪಕ್ಕದಲ್ಲಿ ನಿಂತು, ಅವಳ ಕಡೆ ನೋಡದೆ ಹೇಳಿದರು:

"ಆವತ್ತು ನಡೆದು ಹೋಗಬಹುದಿತ್ತು."

ಯಾವತ್ತು ಎಂದು ಅಮ್ಮ ಕೇಳಲಿಲ್ಲ. "ಗೊತ್ತು" ಎಂದಳು. "ಮಳೆಗಾಲ ಮುಗಿದ ಮೇಲೆ ಬಳೆಗಾರ ಬಂದಿದ್ದನಲ್ಲ. ಅದೇ ವಾರ ತಾನು ಬಳೆಯ ಮಲಾರ ಹೊತ್ತುಕೊಂಡು ಎಂಟನೆಯ ತಿರುವಿನಲ್ಲಿ ದಾಟಿದ್ದೆ ಎಂದು ಹೇಳಿದ."

ಅಪ್ಪಯ್ಯ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಎನ್ನಿಸುವಂತೆ ಅಮ್ಮನೇ ಮುಂದುವರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹು ಕಾಲದಿಂದ ತೂಗಿ ನೋಡಿ ಇಟ್ಟ ಮಾತಿನಂತಿತ್ತು. "ನಾನು ಹೊರಡುತ್ತಿದ್ದೆನೋ ಇಲ್ಲವೋ. ಆ ಮಳೆಯಲ್ಲಿ ಎರಡು ತಿಂಗಳ ಕೂಸನ್ನು ಬಿಟ್ಟು ಹೋಗುತ್ತಿರಲಿಲ್ಲವೇನೋ. ಆದರೆ ಹೋಗುವುದಿಲ್ಲ ಎಂದು ಹೇಳಬೇಕಾದವಳು ನಾನು. ನೀವು ಕೇಳಲೇ ಇಲ್ಲ."

"ಹೌದು" ಎಂದರು ಅಪ್ಪಯ್ಯ.

ಅಷ್ಟೇ. ಕ್ಷಮೆ ಕೇಳುವುದೂ ಕ್ಷಮಿಸುವುದೂ ಆ ತಲೆಮಾರಿನ ಗಂಡಹೆಂಡಿರ ಶಬ್ದಕೋಶದಲ್ಲಿ ಇರಲಿಲ್ಲ. ಕಡಲ ಮೇಲಿನ ಕೆಂಪು ಆರಿತು. ಗಾಳಿ ತಣ್ಣಗಾಯಿತು. ಅಪ್ಪಯ್ಯ ತಮ್ಮ ಶಾಲನ್ನು ತೆಗೆದು ಅಮ್ಮನ ಕೈಗೆ ಕೊಟ್ಟರು. ಅವಳು ಹೊದೆದುಕೊಂಡಳು.

ಇಳಿಯುವಾಗ ಪೂರ್ತಿ ಕತ್ತಲೆ. ಕಾರಿನ ದೀಪ ಒಂದೊಂದು ತಿರುವಿನಲ್ಲಿಯೂ ಕಾಡಿನ ಗೋಡೆಯನ್ನು ಸವರಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, "ಎಣಿಸುವುದಿಲ್ಲವೇ?" ಎಂದಳು.

"ಕತ್ತಲೆಯಲ್ಲಿ ಲೆಕ್ಕ ತಪ್ಪುತ್ತದೆ" ಎಂದರು ಅಪ್ಪಯ್ಯ.

"ತಪ್ಪಿದರೆ ನಾನು ಹೇಳುತ್ತೇನೆ" ಎಂದಳು.

ಅವರು ಎಣಿಸಿದರು. ಎಂಟನೆಯ ತಿರುವಿಗೆ ಬಂದಾಗ, ಕೆಳಗಿನಿಂದ ಎಂಟನೆಯದೇ ಮೇಲಿನಿಂದ ಏಳನೆಯದೆಂಬುದನ್ನು ಮಾಸ್ತರರು ಮರೆಯಲಿಲ್ಲ. 'ಏಳು' ಎಂದು ಹೇಳಿ ಮುಂದೆ ಸಾಗಿದರು. ಅಮ್ಮ ತಿದ್ದಲಿಲ್ಲ. ಕಾರು ನಿಲ್ಲಲಿಲ್ಲ.

ಅಪ್ಪಯ್ಯ 1991ರಲ್ಲಿ ಹೋದರು, ಅಮ್ಮ 2004ರಲ್ಲಿ. ಅವರ ನಡುವೆ ಆ ದಿನದ ತರುವಾಯ ಏನಾದರೂ ಬದಲಾಯಿತೇ ಎಂದು ಕೇಳಿದರೆ ದೊಡ್ಡದಾಗಿ ಹೇಳಲು ಏನೂ ಇಲ್ಲ. ಅಪ್ಪಯ್ಯ ಮುಂಚಿನಂತೆಯೇ ಖರ್ಚಿಗೆ ಹುಬ್ಬೇರಿಸುತ್ತಿದ್ದರು. ಆದರೆ ಮನೆಗೆ ಬಂದ ಕಾಗದಗಳನ್ನು, ಯಾರ ಹೆಸರಿಗೇ ಬಂದಿರಲಿ, ಒಡೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಕೈಗೆ ಕೊಡುತ್ತಿದ್ದರು. ಅವಳು ಓದಿದ ಮೇಲೆ ತಾವು ಓದುತ್ತಿದ್ದರು. ಇದನ್ನು ನಾನು ರಜೆಗೆ ಹೋದಾಗಲೆಲ್ಲ ಕಂಡಿದ್ದೇನೆ.

ಈಗ ಆ ದಾರಿ ರಾಷ್ಟ್ರೀಯ ಹೆದ್ದಾರಿ. ಉಡುಪಿಯೇ ಒಂದು ಜಿಲ್ಲೆಯಾಗಿದೆ, ಹೆಬ್ರಿ ಒಂದು ತಾಲ್ಲೂಕು. ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತಿತು. ಇಂದು ಸುದ್ದಿಯನ್ನು ಮೂರು ದಿನ ಕಿಸೆಯಲ್ಲಿಡಲು ಯಾರಿಂದಲೂ ಸಾಧ್ಯವಿಲ್ಲವೆಂದು ತೋರುತ್ತದೆ. ಗುಡ್ಡ ಮಾತ್ರ ಮಳೆಗಾಲದಲ್ಲಿ ಆಗಾಗ ಜರಿಯುತ್ತಲೇ ಇದೆ, ಘಾಟಿಯಲ್ಲಿ ವಾಹನಗಳನ್ನು ತಡೆಯುತ್ತಲೇ ಇದ್ದಾರೆ. ಒಬ್ಬರ ದುಃಖವನ್ನು ಅವರ ಪರವಾಗಿ ತಾವೇ ತೀರ್ಮಾನಿಸಿಬಿಡುವವರೂ ಮನೆಮನೆಯಲ್ಲಿ ಇದ್ದೇವೆ. ಬಹುಮಟ್ಟಿಗೆ ಅದು ಪ್ರೀತಿಯಿಂದಲೇ ನಡೆಯುತ್ತದೆ. ಅದರಿಂದಲೇ ಅದನ್ನು ಹಿಡಿಯುವುದು ಕಷ್ಟ.

ತಂದೆತಾಯಿಗಳನ್ನು ಒಂದು ದಿನದ ಮಟ್ಟಿಗೆ ಬೆಟ್ಟಗುಡ್ಡಗಳಿಗೆ ಕರೆದೊಯ್ಯುವ ಮಕ್ಕಳು ತಾವು ಅವರಿಗೆ ಏನನ್ನೋ ತೋರಿಸುತ್ತಿದ್ದೇವೆಂದು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದು ಹೊರಟವನು. ನಮ್ಮ ಕಣ್ಣಿಗೆ ನೋಟವಾಗಿರುವುದು ಅವರಿಗೆ ಬಾಳಿನ ಬಾಕಿ ಲೆಕ್ಕವಾಗಿರಬಹುದು. ಅವರ ಮೊಣಕಾಲುಗಳು ಮೆಟ್ಟಿಲು ಹತ್ತುವಷ್ಟು ದಿನ ಉಳಿದಿರುವಾಗಲೇ ಕರೆದೊಯ್ಯಿರಿ. ಸೂರ್ಯಾಸ್ತ ತಪ್ಪಿದರೂ ತಪ್ಪಲಿ. ಅವರು ಯಾವುದಾದರೊಂದು ತಿರುವಿನಲ್ಲಿ ನಿಲ್ಲಿಸು ಎಂದರೆ ನಿಲ್ಲಿಸಿರಿ. ಒಡನೆಯೇ ಲಿಂಬೆಹಣ್ಣು ಮುಂದೆ ಹಿಡಿಯಬೇಡಿರಿ.